ಎಳೆಯ ರಕ್ತನಾಳಕ್ಕೆ ಕಾವಲು

ಬೇಸಿಗೆಯ ವಾಂತಿಭೇದಿಯಿಂದ ಬಾಡಿದ ಎಳೆಗೂಸೊಂದನ್ನು ಕೆಂಭಾವಿಯ ಆಸ್ಪತ್ರೆಗೆ ತಂದರೆನ್ನೋಣ. ಬಾಯಿಂದ ಕುಡಿಸಿದ್ದು ನಿಲ್ಲದಿದ್ದರೆ, ನೀರನ್ನೂ ಲವಣಗಳನ್ನೂ ನೇರವಾಗಿ ಅಭಿಧಮನಿಗೆ ಹರಿಸಬೇಕಾಗುತ್ತದೆ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ಕಾಲರಾ ರೋಗಿಗಳಿಗೆ ಮಾಡಿದ ಚಿಕಿತ್ಸೆಯೂ ಇದೇ. ಈಗ ಸೂಜಿಯ ನೆರವಿನಿಂದ ಮೃದುವಾದ ಪ್ಲಾಸ್ಟಿಕ್ ಕೊಳವೆಯೊಂದನ್ನು ರಕ್ತನಾಳದೊಳಕ್ಕೆ ಜಾರಿಸಿ, ಸೂಜಿಯನ್ನು ಹೊರಗೆಳೆಯುತ್ತಾರೆ. ಒಳಗುಳಿಯುವ ಈ ಕೊಳವೆಯೇ ಕ್ಯಾನುಲಾ.

ಅದನ್ನು ತೂರಿಸುವುದು ಕೆಲವು ನಿಮಿಷಗಳ ಕೆಲಸ. ಕಾಯುವುದು ಹಗಲಿರುಳಿನ ಕೆಲಸ. ಮಕ್ಕಳ ದಾದಿಯರ ತರಬೇತಿಯ ಸಾರ ಈ ಕಾಯುವಿಕೆಯಲ್ಲಿದೆ.

ಮೊದಲನೆಯದು ಅಳತೆಯ ಪಾಠ. ನವಜಾತ ಶಿಶುವಿನಲ್ಲಿ ತೂಕದ ಪ್ರತಿ ಕಿಲೋಗ್ರಾಮಿಗೆ ಇರುವ ರಕ್ತ ಸುಮಾರು 80 ಮಿಲಿಲೀಟರು. ಎಂದರೆ 3 ಕಿಲೋಗ್ರಾಂ ತೂಗುವ ಕೂಸಿನ ರಕ್ತವೆಲ್ಲ ಒಂದು ಲೋಟದಷ್ಟೇ! ದೊಡ್ಡವರಿಗೆ ಲೆಕ್ಕಕ್ಕೆ ಬಾರದ ದ್ರವ ಇಲ್ಲಿ ಹೃದಯಕ್ಕೆ ಹೊರೆಯಾದೀತು. ಆದುದರಿಂದ 60 ಹನಿಗೆ 1 ಮಿಲಿಲೀಟರು ಬೀಳುವ ಸೂಕ್ಷ್ಮಹನಿಯ ಕೊಳವೆಯನ್ನು ಬಳಸುವುದುಂಟು. ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿಲಿಲೀಟರು, ಲೆಕ್ಕ ಸುಲಭ.

ಎರಡನೆಯದು ಶುಚಿತ್ವ. ಚರ್ಮವೆಂಬ ಕೋಟೆಯಲ್ಲಿ ಕ್ಯಾನುಲಾ ಒಂದು ತೆರೆದ ಬಾಗಿಲು. ದಾದಿ ಕೈ ತೊಳೆದು, ಚರ್ಮಕ್ಕೆ ಕ್ರಿಮಿನಾಶಕ ಒರೆಸಿ, ಅದು ತಾನಾಗಿ ಆರುವವರೆಗೆ ಕಾಯಬೇಕು. ಕ್ರಿಮಿಗಳು ಸಾಯಲು ಅಷ್ಟು ಹೊತ್ತು ಬೇಕು. ಔಷಧಿ ಕೊಡುವಾಗಲೆಲ್ಲ ಕೊಳವೆಯ ಬಾಯನ್ನೂ ಉಜ್ಜಿ ಒರೆಸಬೇಕು.

ಮೂರನೆಯದು ನೋಟದ ಪಾಠ. ಎಳೆಯ ನಾಳದ ಗೋಡೆ ಬಲು ತೆಳು. ಕೂಸು ಕೈಯಾಡಿಸಿದಾಗ ಕೊಳವೆಯ ತುದಿ ಹೊರಸರಿದರೆ, ದ್ರವವು ಸುತ್ತಣ ಮಾಂಸಕ್ಕೆ ಸೋರುತ್ತದೆ. ಆ ಭಾಗ ಬಾತು, ಬಿಗಿದು, ತಣ್ಣಗಾಗುತ್ತದೆ. ಸೋರಿದ ದ್ರವಕ್ಕೆ ಮೈಯ ಬಿಸಿಯಿಲ್ಲವಷ್ಟೆ. ಕ್ಯಾಲ್ಸಿಯಂನಂತಹ ಔಷಧಿ ಸೋರಿದರಂತೂ ಮಾಂಸವೇ ಸುಟ್ಟು ಹುಣ್ಣಾದೀತು. ನೋವೆಂದು ಹೇಳಲು ಕೂಸಿಗೆ ಮಾತಿಲ್ಲ, ಅಳುವೊಂದೇ ಭಾಷೆ. ಆದ್ದರಿಂದ ಗಂಟೆಗೊಮ್ಮೆ ಎರಡು ಕೈಗಳನ್ನೂ ಹೋಲಿಸಿ, ಮುಟ್ಟಿ ನೋಡಬೇಕು. ಅಂಟುಪಟ್ಟಿ ಆ ಜಾಗವನ್ನು ಮರೆಮಾಡಬಾರದು. ಬಾವು ಕಂಡೊಡನೆ ದ್ರವವನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನವಜಾತ ಶಿಶುಗಳ ವಿಶೇಷ ಘಟಕಗಳು ಜಿಲ್ಲಾ ಆಸ್ಪತ್ರೆಗಳಲ್ಲಿರಬೇಕೆಂದು ಕೇಂದ್ರ ಸರ್ಕಾರದ 2011ರ ಮಾರ್ಗದರ್ಶಿ ಹೇಳುತ್ತದೆ. ಕೆಂಭಾವಿಯ ಕೂಸಿಗೆ ಜಿಲ್ಲಾಸ್ಥಳವೆಂದರೆ ಯಾದಗಿರಿ. ಅದು ದೂರದ ದಾರಿ. ಆ ದಾರಿಯುದ್ದಕ್ಕೂ ಕೊಳವೆ ಕೆಡದಂತೆ ಉಳಿಯಬೇಕಾದರೆ ಸಣ್ಣ ಊರಿನ ದಾದಿಗೂ ಈ ವಿದ್ಯೆ ಬೇಕು. "ಅಕ್ಕಾ, ಕೂಸಿನ ಕೈ ಬಾತ್ರ ಲಗೂನ ಕರೀರಿ" ಎಂದು ತಾಯಿಗೆ ತಿಳಿಸಿಡುವುದೂ ಅದರ ಭಾಗವೇ. ಕಾಯುವ ಕಣ್ಣುಗಳು ಎರಡಿದ್ದಲ್ಲಿ ನಾಲ್ಕಾಗುತ್ತವೆ.