ಸುಮ್ಮನೆ ಕೂತವನ ಕಾಯಿಲೆ

‘ಈಗ ಗಲಾಟೆ ಏನೂ ಇಲ್ಲ ಡಾಕ್ಟ್ರೇ, ಸುಮ್ನೆ ಕೂತಿರ್ತಾನೆ.’ ಮಗನನ್ನು ಮನೋವೈದ್ಯರ ಬಳಿ ಕರೆತಂದ ತಾಯಂದಿರು ಸಮಾಧಾನದಿಂದ ಆಡುವ ಮಾತು ಇಂಥದ್ದು. ಆದರೆ ಸ್ಕಿಜೋಫ್ರೇನಿಯಾ ಬದುಕನ್ನು ಹೆಚ್ಚಾಗಿ ತಿಂದುಹಾಕುವುದು ಹೀಗೆ ಸುಮ್ಮನೆ ಕೂತಿರುವಾಗಲೇ.

ಗಲಾಟೆಯ ಭಾಗ ಎಲ್ಲರಿಗೂ ಗೊತ್ತು. ಯಾರೂ ಇಲ್ಲದ ಕಡೆ ಮಾತು ಕೇಳಿಸುತ್ತದೆ. ಅನ್ನಕ್ಕೆ ಯಾರೋ ವಿಷ ಬೆರೆಸಿದ್ದಾರೆ, ತಾನು ಮನಸ್ಸಿನಲ್ಲಿ ಅಂದುಕೊಂಡದ್ದು ಊರಿಗೆಲ್ಲ ಕೇಳುತ್ತಿದೆ ಎಂಬ ನಂಬಿಕೆ ಬೇರೂರುತ್ತದೆ. ನಾವು ಭ್ರಮೆ ಎನ್ನುತ್ತೇವೆ. ಕೇಳಿಸಿಕೊಳ್ಳುವವನಿಗೆ ಅದು ಪಕ್ಕದ ಮನೆಯ ರೇಡಿಯೊದಷ್ಟೇ ನಿಜ. ಗಾಳಿ ಸೋಕಿದೆ, ಚೌಡಿ ಕಾಟ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಮನೆಯವರು ಓಡಾಡುವುದು ಈ ಹಂತದಲ್ಲಿ. ಹರಕೆಯೂ ಆಗುತ್ತದೆ, ಆಸ್ಪತ್ರೆಯೂ ಆಗುತ್ತದೆ.

ಇನ್ನೊಂದು ಭಾಗಕ್ಕೆ ಸದ್ದೇ ಇಲ್ಲ. ಹುಡುಗ ಸ್ನಾನ ಬಿಡುತ್ತಾನೆ, ಗೆಳೆಯರು ಬಂದರೆ ಒಳಗೆ ಹೋಗುತ್ತಾನೆ, ಕೇಳಿದ್ದಕ್ಕೆ ಒಂದೇ ಪದದಲ್ಲಿ ಉತ್ತರ. ಮುಖದಲ್ಲಿ ಸಂತೋಷವೂ ಇಲ್ಲ, ಸಿಟ್ಟೂ ಇಲ್ಲ. ಇದು ಗದ್ದಲಕ್ಕಿಂತ ಎಷ್ಟೋ ಮುಂಚೆಯೇ ಶುರುವಾಗಿರಬಹುದು, ಗದ್ದಲ ಅಡಗಿದ ಮೇಲೂ ಉಳಿಯಬಹುದು. ಮನೆಯವರು ಇದಕ್ಕೆ ಇಡುವ ಹೆಸರು ಸೋಮಾರಿತನ. ‘ಮದುವೆ ಮಾಡಿದ್ರೆ ಜವಾಬ್ದಾರಿ ಬರುತ್ತೆ’ ಎಂದು ಹಿರಿಯರೊಬ್ಬರು ಹೇಳಿಯೇ ಹೇಳುತ್ತಾರೆ. ನನ್ನನ್ನು ಕೇಳಿದರೆ, ಈ ಕಾಯಿಲೆಯ ಬಗ್ಗೆ ನಮ್ಮಲ್ಲಿ ಕೊಡುವ ಅತಿ ಕೆಟ್ಟ ಸಲಹೆ ಇದೇ. ಇನ್ನೊಂದು ಮನೆಯ ಹೆಣ್ಣುಮಗಳ ಬದುಕನ್ನೂ ಅದು ಸಿಕ್ಕಿಸುತ್ತದೆ. ಕಾಯಿಲೆ ಹೆಣ್ಣಿನದಾಗಿದ್ದರೆ ಅವಳು ತವರಿಗೆ ವಾಪಸಾಗುವುದಕ್ಕೆ ಹೆಚ್ಚು ದಿನ ಬೇಕಿಲ್ಲ.

ಹೆಸರಿನದೂ ಒಂದು ರಗಳೆ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಗ್ರೀಕ್ ಪದಗಳನ್ನು ಕೂಡಿಸಿ ಕಟ್ಟಿದ ಈ ಹೆಸರಿಗೆ ‘ಸೀಳಿದ ಮನಸ್ಸು’ ಎಂದರ್ಥ. ಯೋಚನೆ, ಭಾವನೆಗಳ ನಡುವಿನ ಕೊಂಡಿ ಕಳಚುವುದನ್ನು ಹೇಳುವುದು ಅವನ ಉದ್ದೇಶ. ಕನ್ನಡದಲ್ಲಿ ಛಿದ್ರಮನಸ್ಕತೆ ಎಂದೆವು. ಜನ ಅದನ್ನು ‘ಆಪ್ತಮಿತ್ರ’ ಸಿನಿಮಾದ ನಾಗವಲ್ಲಿಗೆ ಜೋಡಿಸಿಕೊಂಡರು. ಒಬ್ಬರೊಳಗೆ ಇಬ್ಬರು ಇರುವುದು ಬೇರೆಯೇ ತೊಂದರೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥ ಹೆಸರು ತರುವ ಕಳಂಕದ ಕಾರಣಕ್ಕೆ ಜಪಾನ್ 2002ರಲ್ಲಿ ತನ್ನ ಭಾಷೆಯಲ್ಲಿದ್ದ ‘ಒಡೆದ ಮನಸ್ಸು’ ಎಂಬರ್ಥದ ಹೆಸರನ್ನೇ ಬದಲಿಸಿತು.

ಕಾರಣ ಒಂದೇ ಅಲ್ಲ. ವಂಶವಾಹಿಗಳ ಪಾಲು ದೊಡ್ಡದು, ಆದರೆ ಒಂದೇ ರೂಪದ ಅವಳಿಗಳಲ್ಲಿ ಒಬ್ಬನಿಗೆ ಬಂದರೂ ಇನ್ನೊಬ್ಬನಿಗೆ ಬರಲೇಬೇಕೆಂದಿಲ್ಲ. ಹದಿಹರೆಯದ ಗಾಂಜಾ ಅಪಾಯವನ್ನು ಹೆಚ್ಚಿಸುತ್ತದೆ. ತಾಯಿ ಸರಿಯಾಗಿ ಬೆಳೆಸದ್ದರಿಂದ ಬರುತ್ತದೆ ಎಂಬ ವಾದವೊಂದು ಕೆಲವು ದಶಕ ಚಾಲ್ತಿಯಲ್ಲಿತ್ತು. ಅದನ್ನು ಈಗ ಕೈಬಿಟ್ಟಿದ್ದಾರೆ. ಔಷಧದ ಕಥೆಯಲ್ಲಿ ನಮ್ಮ ಸರ್ಪಗಂಧಕ್ಕೂ ಒಂದು ಪುಟವಿದೆ: 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬೇರನ್ನು ಉನ್ಮಾದಕ್ಕೆ ಬಳಸಿದ್ದರ ಬಗ್ಗೆ ಬರೆದಿದ್ದರು. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೋಮಜಿನ್ ಬಳಕೆಗೆ ಬಂದ ಮೇಲೆ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಮೆದುಳಿನ ಡೋಪಮಿನ್ ಆಟವನ್ನು ತಗ್ಗಿಸುವ ಈ ಬಗೆಯ ಮಾತ್ರೆಗಳು ಗದ್ದಲವನ್ನು ಚೆನ್ನಾಗಿಯೇ ಅಡಗಿಸುತ್ತವೆ. ಮೌನದ ಮೇಲೆ ಅವುಗಳ ಕೈ ಅಷ್ಟು ನಡೆಯುವುದಿಲ್ಲ. ಜೊತೆಗೆ ಕೈ ನಡುಕ, ಮೈ ಬಿಗಿತ, ನಿದ್ದೆ, ಏರುವ ತೂಕ. ಇದಕ್ಕೆ ಬೇಸತ್ತೋ ಗುಣವಾಯಿತೆಂದೋ ಮಾತ್ರೆ ನಿಲ್ಲಿಸುವವರು ಬಹಳ. ಕಾಯಿಲೆ ಮರುಕಳಿಸುವುದೂ ಹೆಚ್ಚಾಗಿ ಅಲ್ಲಿಂದಲೇ.

ಹಳ್ಳಿಗಳಲ್ಲಿ ಇದಕ್ಕೆ ದಾರಿ ಏನು? ಉತ್ತರ ಹುಡುಕುತ್ತ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2005ರ ಹೊತ್ತಿಗೆ ತೀರ್ಥಹಳ್ಳಿ ತಾಲ್ಲೂಕಿಗೆ ಹೋದರು. ರೋಗಿ ಬರಲಿ ಎಂದು ಕಾಯದೆ, ಆರೋಗ್ಯ ಕಾರ್ಯಕರ್ತರ ನೆರವಿನಿಂದ ಊರೂರಿನಲ್ಲಿ ಹುಡುಕಿದರು. ಚಿಕಿತ್ಸೆಯನ್ನೇ ಕಾಣದವರೂ ಅರ್ಧಕ್ಕೆ ಬಿಟ್ಟವರೂ ಸಿಕ್ಕರು. ಒಂದು ವರ್ಷದ ಬಳಿಕ ನೋಡಿದರೆ ಚಿಕಿತ್ಸೆ ಪಡೆಯದವರ ಸ್ಥಿತಿ ಇದ್ದಲ್ಲೇ ಇತ್ತು. ಔಷಧ ಶುರುಮಾಡಿದವರ ವೈಕಲ್ಯ ಎದ್ದು ಕಾಣುವಷ್ಟು ಇಳಿದಿತ್ತು. ಬಳಸಿದ್ದು ಅಪರೂಪದ ಔಷಧವನ್ನೇನೂ ಅಲ್ಲ. ಕೆಲಸ ಮಾಡಿದ್ದು ಮನೆ ಬಾಗಿಲಿಗೆ ಹೋದದ್ದು, ಮತ್ತೆ ಮತ್ತೆ ಹೋದದ್ದು. ಇವತ್ತು ಮೊದಲ ಮಾತಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮಾತೇ ಬಿಟ್ಟವನು ಫೋನ್ ಮಾಡುವುದಿಲ್ಲ, ಮನೆಯವರೇ ಮಾಡಬೇಕು.

ಕಾಯಿಲೆ ತರುವ ವೈಕಲ್ಯವನ್ನು ಅಳೆಯಲು ನಮ್ಮ ದೇಶದ್ದೇ ಒಂದು ಮಾಪಕವಿದೆ, ‘ಐಡಿಯಾಸ್’ ಅಂತ. ಅಂಗವೈಕಲ್ಯ ಪ್ರಮಾಣಪತ್ರಕ್ಕೂ ಅದೇ ಆಧಾರ. ಶೇ 40 ಮುಟ್ಟಿದರೆ ಸರ್ಕಾರಿ ಸೌಲಭ್ಯಗಳಿಗೆ ದಾರಿ. ಈ ಮಾಪಕ ಧ್ವನಿ ಕೇಳಿಸುತ್ತದೆಯೇ ಎಂದು ಕೇಳುವುದಿಲ್ಲ. ಕೇಳುವುದು ಮುಖ್ಯವಾಗಿ ನಾಲ್ಕು: ತನ್ನನ್ನು ತಾನು ನೋಡಿಕೊಳ್ಳುತ್ತಾನಾ, ಜನರೊಂದಿಗೆ ಹೇಗಿದ್ದಾನೆ, ಮಾತುಕತೆ ಹೇಗೆ, ಕೆಲಸ ಮಾಡುತ್ತಾನಾ. ಮನೆಯವರು ಸೋಮಾರಿತನ ಎಂದು ಬೈದದ್ದೆಲ್ಲ ಅಲ್ಲಿ ಅಂಕವಾಗಿ ಬರುತ್ತದೆ.