ಛನ್ನನ ಎರಡನೆಯ ದುಃಖ

ಶಹಾಪುರಕ್ಕೆ ಬಂದ ಪ್ರಯಾಣಿಕನಿಗೆ ಊರಿನವರು ಮೊದಲು ತೋರಿಸುವುದು ಮಲಗಿದ ಬುದ್ಧನನ್ನು. ಬೆಟ್ಟಗಳ ಸಾಲಿನ ಕಡೆಗೆ ಕೈಮಾಡಿ ಹಣೆ ಇದು, ಮೂಗು ಇದು, ಎದೆ ಇದು ಎಂದು ಒಂದೊಂದನ್ನೇ ಗುರುತಿಸಿ ಹೇಳುತ್ತಾರೆ. ಯಾವ ಶಿಲ್ಪಿಯ ಉಳಿಯೂ ತಾಗದ ಆ ಬಂಡೆಗಳಲ್ಲಿ ಒಮ್ಮೆ ಬುದ್ಧನನ್ನು ಕಂಡ ಕಣ್ಣಿಗೆ ಮತ್ತೆ ಅದು ಬರಿಯ ಗುಡ್ಡವಾಗಿ ತೋರುವುದು ಕಷ್ಟ. ಈ ಸೀಮೆಗೂ ಬುದ್ಧನಿಗೂ ಇರುವ ನಂಟು ಕೇವಲ ಕಣ್ಣಿನ ಭ್ರಮೆಯೂ ಅಲ್ಲ. ಭೀಮಾನದಿಯ ದಂಡೆಯ ಸನ್ನತಿಯಲ್ಲಿ ೧೯೮೬ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆಯೇ ಅಶೋಕನ ಶಾಸನ ದೊರೆಯಿತು. ಮುಂದೆ ಸಮೀಪದ ಕನಗನಹಳ್ಳಿಯ ಉತ್ಖನನದಲ್ಲಿ ಬೌದ್ಧಸ್ತೂಪವೊಂದು ತನ್ನ ಸುಣ್ಣಶಿಲೆಯ ಚಿತ್ರಪಟ್ಟಿಕೆಗಳೊಡನೆ ಬೆಳಕಿಗೆ ಬಂದಿತು.

ಬುದ್ಧನ ಮಾತು ಬಂದಲ್ಲಿ ಯಶೋಧರೆ ನೆನಪಾಗುತ್ತಾಳೆ, ರಾಹುಲ ನೆನಪಾಗುತ್ತಾನೆ. ಆ ರಾತ್ರಿ ರಾಜಕುಮಾರನನ್ನು ಹೊತ್ತೊಯ್ದ ಕುದುರೆ ನೆನಪಾಗುವುದು ಅಪರೂಪ. ಆ ಕುದುರೆಯ ಮೈ ತಿಕ್ಕಿ ಮೇವು ಹಾಕುತ್ತಿದ್ದ ಸೇವಕನು ನೆನಪಾಗುವುದು ಇನ್ನೂ ಅಪರೂಪ.

ಕುದುರೆಯ ಹೆಸರು ಕಂಥಕ. ಸೇವಕನ ಹೆಸರು ಛನ್ನ. ಸಿದ್ಧಾರ್ಥನು ಹುಟ್ಟಿದ ದಿನವೇ ಕಂಥಕವೂ ಹುಟ್ಟಿತೆಂದು ಜಾತಕಕಥೆಗಳ ಪೀಠಿಕೆಯಾದ ನಿದಾನಕಥೆ ಹೇಳುತ್ತದೆ. ನಡುರಾತ್ರಿ ಕಪಿಲವಸ್ತುವನ್ನು ಬಿಟ್ಟು ಅನೋಮಾ ನದಿಯನ್ನು ದಾಟಿದ ಮೇಲೆ ರಾಜಕುಮಾರನು ತನ್ನ ಆಭರಣಗಳನ್ನು ಕಳಚಿ ಛನ್ನನ ಕೈಗಿತ್ತು, ಕುದುರೆಯನ್ನು ಹೊಡೆದುಕೊಂಡು ಹಿಂದಿರುಗೆಂದು ಹೇಳಿದನು. ಆ ಮಾತುಗಳನ್ನು ಕಂಥಕವೂ ಕೇಳಿಸಿಕೊಂಡಿತು. ಇನ್ನು ಒಡೆಯನ ದರ್ಶನವಿಲ್ಲವೆಂದು ಅರಿತು, ಆತನು ಕಣ್ಮರೆಯಾಗುತ್ತಲೇ ಎದೆಯೊಡೆದು ಸತ್ತಿತು. ಅಲ್ಲಿಂದ ಅದು ದೇವಲೋಕದಲ್ಲಿ ಹುಟ್ಟಿತೆನ್ನುತ್ತದೆ ಕಥೆ. ಆದರೆ ಹೃದಯವನ್ನು ಕಲಕುವುದು ಅದರ ಮುಂದಿನ ಮಾತು. ಅದುವರೆಗೆ ಛನ್ನನಿಗೆ ಇದ್ದುದು ಒಂದೇ ದುಃಖ. ಕಂಥಕ ಸತ್ತ ಮೇಲೆ ಎರಡನೆಯ ದುಃಖವೂ ಸೇರಿ ಅವನು ಅಳುತ್ತ ಊರಿಗೆ ನಡೆದನೆಂದು ಅಲ್ಲಿ ಹೇಳಿದೆ. ಲೋಕೋದ್ಧಾರದ ಕಥೆಯನ್ನು ಹೇಳಹೊರಟವನು ಕುದುರೆಯಾಳಿನ ಅಳಲನ್ನು ಹೀಗೆ ಬೇರೆಯಾಗಿ ಎಣಿಸಿ ಬರೆದಿರುವುದು ಸಾಮಾನ್ಯವಲ್ಲ.

ಅಶ್ವಘೋಷನ ಬುದ್ಧಚರಿತದಲ್ಲಿ ಕುದುರೆ ಸಾಯುವುದಿಲ್ಲ. ಕಣ್ಣೀರು ಸುರಿಸುತ್ತ ಬರಿಯ ಬೆನ್ನಿನಲ್ಲಿ ಊರಿಗೆ ಮರಳುತ್ತದೆ. ಸಾಂಚಿಯ ಮಹಾಸ್ತೂಪದ ಪೂರ್ವ ತೋರಣದಲ್ಲಿ ಶಿಲ್ಪಿಗಳು ಈ ಪ್ರಸಂಗವನ್ನೇ ಕೆತ್ತಿದ್ದಾರೆ. ಬುದ್ಧನ ರೂಪವನ್ನು ಕೆತ್ತದಿದ್ದ ಕಾಲವದು. ಆದ್ದರಿಂದ ಕುದುರೆಯ ಬೆನ್ನು ಬರಿದಾಗಿದೆ, ಆ ಬರಿದಾದ ಬೆನ್ನಿನ ಮೇಲೆ ಕೊಡೆ ಹಿಡಿದಿದ್ದಾರೆ. ಕೊನೆಯಲ್ಲಿ ಕೊಡೆಯೂ ಇಲ್ಲ. ಒಡೆಯನ ಪಾದಚಿಹ್ನೆಗಳಿಗೆ ನಮಿಸಿ ಛನ್ನನು ಕುದುರೆಯೊಡನೆ ಹಿಂದಿರುಗುತ್ತಾನೆ.

ಬರಿದಾದ ಜೀನಿನ ಇನ್ನೊಂದು ಕಥೆಯೂ ಶಹಾಪುರ, ಸುರಪುರಗಳ ಜನರಿಗೆ ಹೊಸತಲ್ಲ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಈ ಭಾಗದ ಹಿಂದೂಗಳೂ ಮುಸಲ್ಮಾನರೂ ಒಟ್ಟಾಗಿ ಸೇರುತ್ತಾರೆ. ಉತ್ತರ ಕರ್ನಾಟಕದ ರಿವಾಯತ್ ಪದಗಳು ಕ್ರಿ.ಶ. ೬೮೦ರ ಕರ್ಬಲಾ ಕದನವನ್ನು ಅಚ್ಚಗನ್ನಡದಲ್ಲಿ ಹಾಡುತ್ತವೆ. ಅಲ್ಲಿ ಇಮಾಮ್ ಹುಸೇನರು ಬಿದ್ದ ಮೇಲೆ ಅವರ ಕುದುರೆ ಜುಲ್ಜನಾ ಒಂಟಿಯಾಗಿ ಡೇರೆಗಳ ಬಳಿಗೆ ಬಂದು ಹೆಂಗಸರ ಮುಂದೆ ನಿಂತಿತೆಂಬ ನಂಬಿಕೆಯಿದೆ. ಸುದ್ದಿಯನ್ನು ಬಾಯಿಬಿಟ್ಟು ಯಾರೂ ಹೇಳಬೇಕಾಗಲಿಲ್ಲ.

ಒಡೆಯನಿಗಾಗಿ ಅತ್ತ ಕುದುರೆಯನ್ನು ಜಗತ್ತು ಹೀಗೆ ಹಾಡಿ ಕೆತ್ತಿ ಉಳಿಸಿಕೊಂಡಿತು. ಕುದುರೆಗಾಗಿ ಅತ್ತ ಒಡೆಯನ ಮಾತು ಬಂದಾಗ ಮಾತ್ರ, ಅವನು ಅರಸನಾಗಿದ್ದರೆ ಸರಿ. ಅಲೆಗ್ಸಾಂಡರನು ಕ್ರಿ.ಪೂ. ೩೨೬ರಲ್ಲಿ ಝೇಲಂ ನದಿಯ ತೀರದಲ್ಲಿ ತನ್ನ ಮುದಿ ಕುದುರೆ ಬುಸೆಫಲಸ್ ಸತ್ತಾಗ ಅದರ ಹೆಸರಿನಲ್ಲೊಂದು ಪಟ್ಟಣವನ್ನೇ ಕಟ್ಟಿಸಿದನು. ೧೫೭೬ರ ಹಳದೀಘಾಟಿಯ ಕದನದಲ್ಲಿ ಮಡಿದ ಚೇತಕನ ಸಮಾಧಿಗೆ ಜನರು ಇಂದಿಗೂ ಕೈಮುಗಿಯುತ್ತಾರೆ. ಕನ್ನಡನಾಡಿನಲ್ಲಿ ಇಂಥ ಗೌರವಕ್ಕೆ ಪಾತ್ರವಾದುದು ಕುದುರೆಯಲ್ಲ, ಒಂದು ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅದಕ್ಕೆ ಸಾಕ್ಷಿ. ಚೋಳ ರಾಜಾದಿತ್ಯನು ಸತ್ತ ತಕ್ಕೋಲದ ಯುದ್ಧದ ಕಾಲದಲ್ಲಿ, ಎಂದರೆ ಕ್ರಿ.ಶ. ೯೪೯–೫೦ರಲ್ಲಿ, ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಭೂಮಿಯನ್ನೋ ಹೊನ್ನನ್ನೋ ಕೇಳದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿ ಬೆಟ್ಟದಲ್ಲಿ ಕಾಡುಹಂದಿಯೊಡನೆ ಕಾದಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಸ್ಥಾನದ ಗೊರವನು ಉಣ್ಣಕೂಡದೆಂದು ಬರೆಯಿಸಿದನು. ಸಾಕಿದ ಪ್ರಾಣಿಗಾಗಿ ಮರುಗುವುದು ಇಂಗ್ಲಿಷ್ ಕಲಿತವರ ಷೋಕಿಯೆಂದು ಹೇಳುವವರು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಮುಂದೆ ಒಂದು ಗಳಿಗೆ ನಿಂತು ಬರುವುದು ಒಳ್ಳೆಯದು.

ಕುದುರೆಯ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಲೆಕ್ಕವನ್ನು ಇಟ್ಟರು. ಪೋರ್ಚುಗೀಸ್ ಬರಹಗಾರ ನೂನಿಜನು ವಿಜಯನಗರದ ಸಾಳುವ ನರಸಿಂಹನ ಬಗೆಗೆ ಬರೆದಿರುವ ಸಂಗತಿಯೊಂದು ವಿಚಿತ್ರವಾಗಿದೆ. ಕಡಲಿನ ಮೇಲೆ ಬರುವಾಗ ಸತ್ತ ಕುದುರೆಗೂ ಅರಸನು ಬೆಲೆ ಕೊಡುತ್ತಿದ್ದನಂತೆ. ವರ್ತಕರು ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಕುದುರೆಗಳ ಆಮದು ನಿಲ್ಲಬಾರದೆಂಬ ರಾಜನೀತಿ ಅದು. ಸುಮಾರು ೧೪೦೦ರಲ್ಲಿ ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನು ಬರೆದನೆಂದರೆ, ಈ ಪ್ರಾಣಿಯ ನೋವಿಗೆ ಮದ್ದು ಹುಡುಕಿದವರೂ ನಾಡಿನಲ್ಲಿದ್ದರೆಂದು ಸಮಾಧಾನಪಡಬಹುದು.

ಇನ್ನೂ ಹತ್ತಿರದ ಕಾಲಕ್ಕೆ ಬಂದರೆ, ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಮತ್ತು ಜೋಧಪುರದ ರಾವುತರು ಹೈಫಾ ಪಟ್ಟಣವನ್ನು ಗೆದ್ದರು. ಅದೇ ದಳದಲ್ಲಿ ಹೈದರಾಬಾದಿನ ರಾವುತರೂ ಇದ್ದರು. ಶಹಾಪುರ ಆಗ ನಿಜಾಮರ ಸೀಮೆಯಲ್ಲಿತ್ತು. ಅಂದು ಸತ್ತ ಸೈನಿಕರು ೮, ಗಾಯಗೊಂಡವರು ೩೪. ಸತ್ತ ಕುದುರೆಗಳು ೬೦, ಗಾಯಗೊಂಡವು ೮೩. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಹೆಸರಿನಲ್ಲಿ ಮೂವರು ಕಂಚಿನ ಯೋಧರು ನಿಂತಿದ್ದಾರೆ. ಮೂವರೂ ಅಶ್ವದಳದವರು, ಆದರೆ ಮೂವರೂ ನೆಲದ ಮೇಲೆ ನಿಂತಿದ್ದಾರೆ. ಒಂದು ಕುದುರೆಯೂ ಅಲ್ಲಿಲ್ಲ.

ಕದನದ ಕುದುರೆಯ ಪಾಡೇ ಹೀಗಾದರೆ ಟಾಂಗಾದ ಕುದುರೆಯನ್ನು ಕೇಳುವವರಾರು? ರೈಲುನಿಲ್ದಾಣವಿದ್ದ ಊರುಗಳಲ್ಲೆಲ್ಲ ಒಂದು ಕಾಲಕ್ಕೆ ಟಾಂಗಾಗಳ ಸಾಲು ನಿಂತಿರುತ್ತಿತ್ತು. ವಿಜಯಪುರದಲ್ಲಿ ಗೋಳಗುಮ್ಮಟ ನೋಡಬಂದವರು ಟಾಂಗಾ ಏರುವ ವಾಡಿಕೆ ಬಹುಕಾಲ ಉಳಿಯಿತು. ಉಳಿದೆಡೆ ಆಟೋರಿಕ್ಷಾಗಳ ಮುಂದೆ ಅದು ನಿಲ್ಲಲಿಲ್ಲ. ಟಾಂಗಾದವನ ಮನೆಯಲ್ಲಿ ಕುದುರೆ ಎಂಬುದು ಸಾಕಿದ ಪ್ರಾಣಿ ಮಾತ್ರವಲ್ಲ, ಸಂಪಾದಿಸುವ ಮಗನೂ ಹೌದು. ಮನೆಯವರ ರೊಟ್ಟಿಗಿಂತ ಮೊದಲು ಅದರ ಹುರುಳಿ ನೆನೆಯಬೇಕು. ತೊಗರಿಯ ಹೊಟ್ಟು, ಹಸಿ ಹುಲ್ಲು ಯಾವ ಸಂತೆಯಲ್ಲಿ ಅಗ್ಗವೆಂಬ ಚಿಂತೆ ಅವನಿಗೆ ವರ್ಷವಿಡೀ ತಪ್ಪಿದ್ದಲ್ಲ. ಲಾಳ ಸವೆದುದನ್ನು ಅವನು ಕಾಲೆತ್ತಿ ನೋಡಬೇಕಾಗಿಲ್ಲ; ಡಾಮರು ರಸ್ತೆಯ ಮೇಲಿನ ಸಪ್ಪಳದಲ್ಲೇ ತಿಳಿಯುತ್ತದೆ.

ಇಷ್ಟು ಬಲವಾದ ಮೈಯ ಪ್ರಾಣಿ ಅತಿ ಸಣ್ಣ ಕಾರಣಕ್ಕೆ ಸಾಯಬಲ್ಲದು. ಕುದುರೆಗೆ ವಾಂತಿಯಾಗುವುದಿಲ್ಲ. ಕೆಟ್ಟ ಮೇವು ಹೊಟ್ಟೆ ಸೇರಿದರೂ, ಕರುಳು ತಿರುಚಿಕೊಂಡರೂ, ಹೊಟ್ಟೆಶೂಲೆಯಿಂದ ಹೊರಳಾಡಿ ಬೆವರಿ ಒಂದೇ ರಾತ್ರಿಯಲ್ಲಿ ಮುಗಿದುಹೋಗಬಹುದು. ಒಡೆಯನು ಅದನ್ನು ಮಲಗಗೊಡದೆ ಲಗಾಮು ಹಿಡಿದು ಅಂಗಳದಲ್ಲಿ ಬೆಳಗಿನವರೆಗೆ ನಡೆಸುತ್ತಾನೆ. ಕಾಲು ಮುರಿದರೆ ಪರಿಸ್ಥಿತಿ ಇನ್ನೂ ಕ್ರೂರ. ಮನುಷ್ಯನಂತೆ ಅದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿರಲಾರದು. ನಾಲ್ಕು ನೂರು ಕಿಲೋ ತೂಗುವ ಮೈ ಮೂರು ಕಾಲಿನ ಮೇಲೆ ಬಿದ್ದಾಗ ನೆಟ್ಟಗಿರುವ ಕಾಲುಗಳ ಗೊರಸೂ ಒಳಗೆ ಬೆಂದುಹೋಗುತ್ತದೆ. ಬಹುಕಾಲ ಮಲಗಿದ್ದರೆ ಪುಪ್ಪುಸ, ಸ್ನಾಯುಗಳು ಕೆಡುತ್ತವೆ. ಆದ್ದರಿಂದಲೇ ಇಂಥ ಎಷ್ಟೋ ಸಂದರ್ಭಗಳಲ್ಲಿ ಪಶುವೈದ್ಯರು ಸೂಜಿಯಿಂದ ಅದರ ಯಾತನೆಯನ್ನು ಮುಗಿಸುವ ಸಲಹೆ ಕೊಡುತ್ತಾರೆ. ಒಪ್ಪಿಗೆ ಕೊಡಬೇಕಾದವನು ಒಡೆಯನು. ಹದಿನೈದು ವರ್ಷ ತನ್ನ ಮಕ್ಕಳಿಗೆ ಅನ್ನ ತಂದ ಜೀವಕ್ಕೆ ಸಾವನ್ನು ತಾನೇ ಬಾಯಿಬಿಟ್ಟು ಹೇಳಬೇಕಾದವನ ಸಂಕಟ ಛನ್ನನಿಗೂ ಬಂದಿರಲಿಲ್ಲ.

ಮನೆಯಲ್ಲಿ ಮನುಷ್ಯರು ಸತ್ತರೆ ನೆರೆಯವರು ಬುತ್ತಿ ತರುತ್ತಾರೆ, ಮೂರನೆಯ ದಿನವೆಂದೂ ಹತ್ತನೆಯ ದಿನವೆಂದೂ ಕ್ರಮವಿರುತ್ತದೆ, ಅಳುವುದಕ್ಕೂ ಅಳುವನ್ನು ನಿಲ್ಲಿಸುವುದಕ್ಕೂ ಒಂದು ಶಾಸ್ತ್ರವಿರುತ್ತದೆ. ಕುದುರೆ ಸತ್ತ ಮನೆಗೆ ಈ ಯಾವ ಅನುಕೂಲವೂ ಇಲ್ಲ. ಬಂದವರು ಕೇಳುವ ಮೊದಲ ಪ್ರಶ್ನೆ, ಎಷ್ಟಕ್ಕೆ ತಂದಿದ್ದೆ ಎಂಬುದು. ಎರಡನೆಯದು, ಮುಂದೇನು ಮಾಡುತ್ತಿ ಎಂಬುದು. ಎರಡೂ ಕೇಳತಕ್ಕ ಪ್ರಶ್ನೆಗಳೇ, ಏಕೆಂದರೆ ನಾಳೆಯ ಒಲೆಯ ಚಿಂತೆ ಸುಳ್ಳಲ್ಲ. ಆದರೆ ಅವಕ್ಕೆ ಉತ್ತರ ಕೊಡುವುದರಲ್ಲೇ ದಿನ ಕಳೆದು, ಅಳಬೇಕಾದ ಹೊತ್ತು ಹಿಂದೆ ಬೀಳುತ್ತದೆ. ಆಳೆತ್ತರದ ಗುಂಡಿ ತೋಡಿಸಬೇಕು, ಎಳೆದು ಸಾಗಿಸಲು ಹತ್ತು ಜನರನ್ನು ಕೂಡಿಸಬೇಕು.

ಕೆಲಸವೆಲ್ಲ ತೀರಿದ ಮೇಲೆ ಉಳಿಯುವುದು ಅಭ್ಯಾಸ. ಬೆಳಗಿನ ಜಾವ ಎಚ್ಚರವಾಗುತ್ತದೆ. ಕೈ ಹುರುಳಿಯ ಡಬ್ಬಿಯ ಕಡೆಗೆ ಹೋಗಿ ನಿಲ್ಲುತ್ತದೆ. ಮನೆಯ ಹೆಂಗಸರು ಕಾಯಿಪಲ್ಲೆಯ ಸಿಪ್ಪೆಯನ್ನು ಬೇರೆ ಬುಟ್ಟಿಯಲ್ಲಿ ಹಾಕಿಟ್ಟು, ಸಂಜೆಗೆ ಅದನ್ನು ನೋಡಿ ಸುಮ್ಮನಾಗುತ್ತಾರೆ. ಟಾಂಗಾದ ಗಾಲಿ, ನೊಗ, ಗದ್ದುಗೆಗಳನ್ನು ಕೇಳಿಕೊಂಡು ಗಿರಾಕಿ ಬರುತ್ತಾನೆ. ಅವನ್ನು ಮಾರುವುದರಲ್ಲಿ ಹೆಚ್ಚು ಚೌಕಾಸಿ ನಡೆಯುವುದಿಲ್ಲ. ಕೊರಳ ಗೆಜ್ಜೆಯ ಪಟ್ಟಿಗೂ ಅವನು ಕೈಹಾಕಿದಾಗ ಅದು ಮಾರುವುದಲ್ಲವೆಂದು ಒಳಗಿನಿಂದ ಯಾರೋ ಹೇಳುತ್ತಾರೆ.