ಒಟ್ಟಾವಾದಾಗ ಒಂದು ನಿಮಿಷ ಕನ್ನಡ

2022ರ ಮೇ ತಿಂಗಳು. ಕೆನಡಾದ ಸಂಸತ್ತು. ಹಸಿರು ಆಸನಗಳ ನಡುವೆ ಒಬ್ಬ ಸಂಸದರು ಎದ್ದು ನಿಂತು ಕನ್ನಡದಾಗ ಮಾತು ಶುರು ಮಾಡಿದರು. ಸದಸ್ಯರ ಹೇಳಿಕೆಗೆ ಅಲ್ಲಿ ಸಿಗೋದು ಒಂದ ನಿಮಿಷ. ಆ ನಿಮಿಷವನ್ನ ನಮ್ಮ ಭಾಷೆಗೆ ಕೊಟ್ಟರು. ಭಾರತದ ಹೊರಗಿನ ಸಂಸತ್ತಿನ್ಯಾಗ ಕನ್ನಡ ಕೇಳಿದ್ದು ಇದ ಮೊದಲು ಅಂದರು. ಕೊನಿಗೆ ಕುವೆಂಪು ಬರೆದು, ರಾಜಕುಮಾರ್ ಹಾಡಿದ ಸಾಲು. ನನಗಂತೂ ಮೈ ಜುಮ್ಮಂತು.

ಅವರ ಹೆಸರು ಚಂದ್ರ ಆರ್ಯ. ಹುಟ್ಟೂರು ಶಿರಾ ತಾಲೂಕಿನ ದ್ವಾರಾಳು. ಗದಗ ಜಿಲ್ಲೆಯ ನಮ್ಮೂರು ಹೊಂಬಳದ ಮಂದಿಗೆ ಇನ್ನೂ ಹತ್ತಿರದ ನಂಟು ಒಂದೈತಿ. ಅವರು ಎಂಬಿಎ ಓದಿದ್ದು ಧಾರವಾಡದ ಕೌಸಾಳಿ ಸಂಸ್ಥೆಯೊಳಗ. 1997ರ ತನಕ ನಮ್ಮ ಗದಗೂ ಧಾರವಾಡ ಜಿಲ್ಲೆದಾಗ ಇತ್ತಲ್ಲ!

2006ರಾಗ ಕೆನಡಾಕ್ಕ ಹೋದರು. ಒಂಬತ್ತ ವರ್ಷದಾಗ, 2015ಕ್ಕ, ಲಿಬರಲ್ ಪಕ್ಷದಿಂದ ರಾಜಧಾನಿ ಒಟ್ಟಾವಾದ ನೇಪಿಯನ್ ಕ್ಷೇತ್ರ ಗೆದ್ದರು. 2019, 2021ರಾಗೂ ಗೆದ್ದರು. ಲಿಬರಲ್ ಅಂದ್ರ ಮಧ್ಯಮ-ಎಡ ನಿಲುವಿನ ಪಕ್ಷ. ಅದರ ಸರ್ಕಾರ 2016ರಾಗ ಮಕ್ಕಳಿರೋ ಮನಿಗೆ ಆದಾಯ ನೋಡಿ ತಿಂಗಳಾ ರೊಕ್ಕ ಕೊಡೋ ಯೋಜನೆ ತಂತು. ಕಡಿಮಿ ಗಳಿಕೆ ಇದ್ದವರಿಗೆ ಹೆಚ್ಚು ರೊಕ್ಕ. ನಮ್ಮ ಗೃಹಲಕ್ಷ್ಮಿ ಪಡೆಯೋ ಅವ್ವಂದಿರಿಗೆ ಇದರ ಬೆಲಿ ಬಿಡಿಸಿ ಹೇಳಬೇಕಿಲ್ಲ.

2025ರಾಗ ಆರ್ಯ ಪಕ್ಷದ ನಾಯಕತ್ವಕ್ಕ ಸ್ಪರ್ಧಿಸಾಕ ಮುಂದಾದರು. ಪಕ್ಷ ಒಪ್ಪಲಿಲ್ಲ. ನೇಪಿಯನ್ ಟಿಕೆಟ್ ಸಹಿತ ತಪ್ಪಿತು. ಅಲ್ಲಿ ನಿಂತು ಗೆದ್ದವರು ಪ್ರಧಾನಿ ಮಾರ್ಕ್ ಕಾರ್ನಿ.